ವೆಂಟಿಲೇಟರ್ ತೆಗೆದ ಮೇಲೆ ಮಗು ನಡುಗುತ್ತಿದೆ, ಬೆವರುತ್ತಿದೆ. ನಿದ್ದೆ ಔಷಧಿಯ ಚಟ ಹತ್ತಿತೇ?

ಇಲ್ಲ, ಇದು ಚಟ ಅಲ್ಲ. ಬೆಂಗಳೂರಿನ ಒಂದು ಮಕ್ಕಳ ಐಸಿಯುನಲ್ಲಿ ನರ್ಸ್ ಆಗಿದ್ದೇನೆ; ಅಪ್ಪ-ಅಮ್ಮಂದಿರು ಗಾಬರಿಯಿಂದ ಕೇಳುವುದು ಇದನ್ನೇ.

ನೋವು ತಗ್ಗಿಸುವ ಫೆಂಟನಿಲ್, ನಿದ್ದೆ ಬರಿಸುವ ಮಿಡಜೋಲಾಮ್ ಡ್ರಿಪ್ ಐದಾರು ದಿನ ದಾಟಿದರೆ ಮಗುವಿನ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ತಟಕ್ಕನೆ ನಿಲ್ಲಿಸಿದರೆ ನಡುಕ, ಬೆವರು, ಆಕಳಿಕೆ, ಸೀನು, ವಾಂತಿ, ಭೇದಿ, ಜ್ವರ ಶುರುವಾಗಬಹುದು. ಹಾಗಂತ ಎಲ್ಲಕ್ಕೂ ಇದೇ ಕಾರಣ ಅಂದುಕೊಳ್ಳಬಾರದು. ಸೋಂಕು, ನೋವು, ಡೆಲಿರಿಯಂ (ಕಾಯಿಲೆಯಲ್ಲಿ ಬರುವ ಮನಸ್ಸಿನ ಗೊಂದಲ) ಕೂಡ ಹೀಗೇ ಕಾಣುತ್ತವೆ, ಅವನ್ನೂ ನೋಡಲೇಬೇಕು. ಔಷಧಿ ಬಿಡಿಸುವಾಗಿನ ಈ ಲಕ್ಷಣಗಳಿಗೆ ಅಂಕ ಕೊಡುವ ವ್ಯಾಟ್-1 ಎಂಬ ಅಳತೆಯಲ್ಲಿ 12ಕ್ಕೆ 3 ಅಥವಾ ಹೆಚ್ಚು ಅಂಕ ಬಂದರೆ ನಾವು ಎಚ್ಚರವಾಗುತ್ತೇವೆ.

ಡೋಸ್ ಇಳಿಸುವುದು ಮೆಲ್ಲಗೆ, ಸಾಮಾನ್ಯವಾಗಿ ದಿನಕ್ಕೆ ಶೇ. 10ರಿಂದ 20. ತುಂಬಾ ದಿನ ಕೊಟ್ಟಿದ್ದರೆ ಫೆಂಟನಿಲ್ ಬದಲು ಬಾಯಿಂದ ಕೊಡುವ ಮಾರ್ಫಿನ್ ಅಥವಾ ಮೆಥಡೋನ್, ಮಿಡಜೋಲಾಮ್ ಬದಲು ಲೋರಾಜೆಪಾಮ್ ಕೊಡುತ್ತಾರೆ. ಈ ಲಕ್ಷಣಗಳನ್ನು ತಗ್ಗಿಸಲು ಕ್ಲೊನಿಡಿನ್ ಎಂಬ ಔಷಧಿ ಕೂಡ ನೆರವಾಗುತ್ತದೆ. ಅಂಕ ಏರಿದರೆ ಹಿಂದಿನ ಡೋಸ್‌ಗೆ ಮರಳುವುದೂ ಉಂಟು, ಅದಕ್ಕೆ ಹೆದರಬೇಡಿ.

ನೀವು ಹತ್ತಿರ ಕೂತಿರಿ. ಬೆಡ್‌ಶೀಟ್ ಒದ್ದೆಯಾಗುವಷ್ಟು ಬೆವರುತ್ತಿದ್ದ ಒಂದು ಮಗು, ಅಜ್ಜಿ ಪಾದ ಸವರುತ್ತಾ ಜೋ ಜೋ ಅಂದಾಗ ಬಿಗಿಹಿಡಿದ ಮುಷ್ಟಿ ಸಡಿಲಿಸಿತ್ತು. ಮನೆಗೆ ಹೋಗುವಾಗ ಡೋಸ್ ಯಾವತ್ತು ಎಷ್ಟು ಇಳಿಸಬೇಕೆಂದು ಡಾಕ್ಟರ ಕೈಲಿ ಬರೆಸಿಕೊಳ್ಳಿ. ಮಗು ಗೆಲುವಾಗಿದೆ ಅಂತ ನೀವೇ ನಿಲ್ಲಿಸಬೇಡಿ.