ಅಪ್ಪ ಅಮ್ಮನಿಗೆ ಮಿಷನ್‌ನಲ್ಲಿ ಏನು ತಿನ್ನಿಸಲಿ?

ಪ್ರಶ್ನೆ: ನಾವು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಡೇಲಿ ಸಿಟಿಯಲ್ಲಿದ್ದೇವೆ. ಹಾವೇರಿಯಿಂದ ಅಪ್ಪ ಅಮ್ಮ ಬಂದಿದ್ದಾರೆ, ಇಬ್ಬರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ ಕಡೆ ಮೆಕ್ಸಿಕನ್ ಊಟ ಅಗ್ಗ ಅಂತ ಕೇಳಿ ಹೋದ ವಾರ ಕರೆದುಕೊಂಡು ಹೋದೆವು. ನಾಲ್ಕು ಜನಕ್ಕೆ ಸಿಕ್ಕಾಪಟ್ಟೆ ಬಿಲ್ ಆಯಿತು, ಅಪ್ಪ ಮನೆಗೆ ಬಂದು ಮೊಸರನ್ನ ಉಂಡರು. ಎಲ್ಲಿ ಹೋಗಬೇಕು, ಏನು ಕೇಳಬೇಕು?
ಒಬ್ಬ ಓದುಗರು, ಡೇಲಿ ಸಿಟಿ

ಉತ್ತರ: ಇನ್ನೊಂದು ಸಲ ಕರೆದುಕೊಂಡು ಹೋಗಿ. ಅಪ್ಪನಿಗೆ ಹಿಡಿಸುವ ಊಟ ಅಲ್ಲಿ ಖಂಡಿತ ಇದೆ.

ಬಾರ್ಟ್ ರೈಲು ಹತ್ತಿದರೆ ನಿಮ್ಮಿಂದ ಮೂರನೇ ನಿಲ್ದಾಣವೇ 24ನೇ ರಸ್ತೆ. ಮೇಲೆ ಬಂದ ಮೇಲೆ ವ್ಯಾಲೆನ್ಸಿಯಾ ರಸ್ತೆಯ ಕಡೆ ತಿರುಗಬೇಡಿ. ಅಲ್ಲಿ ಕೂರಿಸಿ ಬಡಿಸುವ ಹೋಟೆಲುಗಳು ಜಾಸ್ತಿ, ಟಿಪ್ಸೂ ಸೇರಿ ಮತ್ತೆ ಹೋದ ವಾರದ ಕತೆಯೇ ಆಗುತ್ತದೆ. 'ಟಕೇರಿಯಾ' ಅಂತ ಬೋರ್ಡಿರುವ ಕಡೆ ಹೋಗಿ, ಅವು ನಮ್ಮ ದರ್ಶಿನಿಗಳ ಹಾಗೆ, ಕೌಂಟರಿನಲ್ಲಿ ಹೇಳಿ ನೀವೇ ತಂದುಕೊಳ್ಳುವುದು. ಈ ಬಡಾವಣೆಯ ಹೆಸರಿನಲ್ಲೇ ಒಂದು ಬುರಿಟೋ ಇದೆ, ದೊಡ್ಡ ಚಪಾತಿಯಲ್ಲಿ ಅನ್ನ, ಕಾಳು, ಸಾಲ್ಸಾ ಅನ್ನುವ ಚಟ್ನಿ ಎಲ್ಲ ಸುತ್ತಿ ಫಾಯಿಲ್ ಹಾಕಿ ಕೊಡುವುದು. ಮೊದಲು ಮಾರಿದ್ದು ತಾವೇ, 1961ರಲ್ಲಿ ಅಂತ ಫೋಲ್ಸಮ್ ರಸ್ತೆಯ ಎಲ್ ಫಾರೋದವರು ಹೇಳಿಕೊಂಡಿದ್ದಾರೆ. ವಯಸ್ಸಾದ ಇಬ್ಬರಿಗೆ ಒಂದೇ ಸಾಕು, ಅರ್ಧ ಕತ್ತರಿಸಿ ಕೊಡಿ ಅನ್ನಿ. 'ಸೂಪರ್' ಅಂದರೆ ಚೀಸು, ಬೆಣ್ಣೆಹಣ್ಣಿನ ಗೊಜ್ಜು, ಹುಳಿ ಕೆನೆ ಎಲ್ಲ ಸೇರಿ ದುಡ್ಡು ಏರುತ್ತದೆ, ರೆಗ್ಯುಲರ್ ತಗೊಳ್ಳಿ.

ಈಗ ಮುಖ್ಯ ವಿಷಯ. ಕಾಳು ಅಂದಮಾತ್ರಕ್ಕೆ ಸಸ್ಯಾಹಾರ ಅಂದುಕೊಳ್ಳಬೇಡಿ. ರುಬ್ಬಿ ಹುರಿದ ಕಾಳಿಗೆ ಹಂದಿಯ ಕೊಬ್ಬು ಹಾಕುವುದು ಅವರ ಹಳೆಯ ಪದ್ಧತಿ, ಆ ಕೊಬ್ಬಿಗೆ ಸ್ಪ್ಯಾನಿಷಿನಲ್ಲಿ ಮಾಂತೆಕಾ ಅಂತಾರೆ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವವರೂ ಇದ್ದಾರೆ. ನಾನು ಶುರುವಿನಲ್ಲಿ ಒಂದು ಅಂಗಡಿಯಲ್ಲಿ 'ವೆಜ್' ಅಂದಾಗ ಅವರು ಹೂಂ ಅಂದರು ಅಂತ ತಿಂಗಳುಗಟ್ಟಲೆ ಅಲ್ಲೇ ತಿಂದೆ, ಕಾಳಿನಲ್ಲಿ ಏನಿದೆ ಅಂತ ಆಮೇಲೆ ಗೊತ್ತಾಗಿ ತುಂಬಾ ಸಂಕಟವಾಯಿತು. ಬಿಡಿಸಿ ಕೇಳಿದರೆ ಸಾಮಾನ್ಯವಾಗಿ ಯಾರೂ ಮುಚ್ಚಿಡುವುದಿಲ್ಲ. 'ಯೇವಾ ಮಾಂತೆಕಾ?' ಅಂತ ಕೇಳಿ, ಕೊಬ್ಬು ಇದೆಯಾ ಅಂತ ಅರ್ಥ. 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ, ಅಂತ ಮಾತ್ರ ಹೇಳಿದರೆ ಸಾಲದು, ಕಾರ್ನೆ ಅಂದರೆ ದನದ ಮಾಂಸ ಅಂತಷ್ಟೇ ತಿಳಿದು ಕೋಳಿ ಹಾಕಿಬಿಡಬಹುದು, 'ನಿ ಪೋಯೋ', ಅಂದರೆ ಕೋಳಿಯೂ ಬೇಡ, ಅಂತಲೂ ಸೇರಿಸಿ. ಕಪ್ಪು ಕಾಳನ್ನು ರುಬ್ಬದೆ ಇಡಿಯಾಗಿ ಬೇಯಿಸಿದ್ದರೆ ಕೊಬ್ಬಿಲ್ಲದಿರುವುದು ಹೆಚ್ಚು, ಆದರೂ ಕೇಳಿ. ಚಪಾತಿಯೊಳಗೆ ಚೀಸು ಇಟ್ಟು ಮಡಚಿದ ಕೆಸಡಿಯಾವನ್ನು ಮಾಂಸ ಸುಡುವ ಹಂಚಿನ ಮೇಲೇ ಬಿಸಿ ಮಾಡುವುದು ಮಾಮೂಲು. ಅಮ್ಮನಿಗೆ ಅದು ಆಗದಿದ್ದರೆ ಕೆಸಡಿಯಾ ಬೇಡ.

ಕುಡಿಯಲು ಸೋಡಾ ಬಿಟ್ಟು ಆಗ್ವಾ ಫ್ರೆಸ್ಕಾ ಅನ್ನುವ ಪಾನಕ ತಗೊಳ್ಳಿ. ತಾಮರಿಂದೋ ಅಂದರೆ ಹುಣಸೆ ಪಾನಕ. ಹಮೈಕಾ ಅನ್ನುವ ಕೆಂಪು ಪಾನಕ ನಮ್ಮ ಪುಂಡಿ ಗಿಡದ ಜಾತಿಯದೇ, ಆ ಹುಳಿ ಹಾವೇರಿಯವರ ನಾಲಿಗೆಗೆ ಕೂಡಲೇ ಹಿಡಿಸುತ್ತದೆ.

ಊಟವಾದ ಮೇಲೆ 24ನೇ ರಸ್ತೆಯಲ್ಲೇ ಪೂರ್ವಕ್ಕೆ ಹತ್ತು ಹನ್ನೆರಡು ನಿಮಿಷ ನಡೆಯಿರಿ. ದಾರಿಯಲ್ಲಿ ಬಾಮಿ ಆಲಿ ಅಂತ ಒಂದು ಓಣಿ ಬರುತ್ತದೆ, ಗೋಡೆ ತುಂಬಾ ಚಿತ್ರ, ಸುಮ್ನೆ ಒಳಗೆ ಹೋಗಿ ನೋಡಿ. ಫ್ಲೋರಿಡಾ ರಸ್ತೆಯ ಮೂಲೆಯಲ್ಲಿ ಲಾ ಪಾಲ್ಮಾ ಇದೆ, 1953ರ ಟೋರ್ಟಿಯಾ ಅಂಗಡಿ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಹಾಕಿ, ತೊಳೆದು ರುಬ್ಬಿದರೆ ಮಾಸಾ ಅನ್ನುವ ಹಿಟ್ಟು. ಸುಣ್ಣದಿಂದಲೇ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ. ಅದನ್ನು ತಟ್ಟಿ ಸುಟ್ಟದ್ದೇ ಗೋವಿನಜೋಳದ ಟೋರ್ಟಿಯಾ. ಜೋಳ, ಸುಣ್ಣ, ನೀರು ಬಿಟ್ಟರೆ ಬೇರೇನೂ ಬೇಕಿಲ್ಲ.

ನಮ್ಮವ್ವ ಬಂದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಕೌಂಟರಿನ ಹಿಂದೆ ಹೆಂಗಸರು ಎರಡೂ ಅಂಗೈ ನಡುವೆ ಹಿಟ್ಟು ತಟ್ಟಿ ತಟ್ಟಿ ಕಾದ ಹಂಚಿಗೆ ಹಾಕುತ್ತಿದ್ದರು, ಆ ಪಟಪಟ ಸದ್ದು ಕೇಳಿ ಅವ್ವ ಅಲ್ಲೇ ನಿಂತುಬಿಟ್ಟಳು. "ಅಂಚು ಬಿರೀಲಿಲ್ಲ ನೋಡು" ಅಂದಳು. ಹಾವೇರಿ ಸುತ್ತ ಗೋವಿನಜೋಳ ಎಷ್ಟು ಬೆಳೆಯುತ್ತಾರೆ ಅಂತ ನಿಮಗೇ ಗೊತ್ತಲ್ವಾ, ಆ ಬೆಳೆಯ ತವರು ಮೆಕ್ಸಿಕೋನೇ. ಅಪ್ಪನಿಗೆ ಇದನ್ನು ಹೇಳಿ, ಒಂದು ತುಂಡು ಬಿಸಿಯಾಗಿ ಕೈಗೆ ಕೊಡಿ.

ಬರುವಾಗ ಒಂದು ಕಟ್ಟು ಟೋರ್ಟಿಯಾ ತನ್ನಿ, ನನ್ನ ಪ್ರಕಾರ ಇಡೀ ಮಿಷನ್‌ನಲ್ಲಿ ಇದಕ್ಕಿಂತ ಅಗ್ಗದ ಒಳ್ಳೆಯ ಊಟ ಇಲ್ಲ. ತಮಾಲೆ ಅನ್ನುವ, ಸಿಪ್ಪೆಯಲ್ಲಿ ಸುತ್ತಿ ಆವಿಯಲ್ಲಿ ಬೇಯಿಸುವ ಕಡುಬಿಗೆ ಕಲಸಿಟ್ಟ ಮಾಸಾ ಮಾತ್ರ ಕೇಳದೆ ತರಬೇಡಿ, ಅದರಲ್ಲಿ ಕೊಬ್ಬು ಇರುತ್ತದೆ. ಮನೆಯಲ್ಲಿ ಹಂಚು ಚೆನ್ನಾಗಿ ಕಾದ ಮೇಲೆ ಎರಡೂ ಕಡೆ ಸುಟ್ಟು ಬಟ್ಟೆಯಲ್ಲಿ ಸುತ್ತಿಡಿ, ಎಣ್ಣೆ ಬೇಡ. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಜೊತೆ ಬಡಿಸಿ. ಮತ್ತೆ, ಜೇಬಿನಲ್ಲಿ ಸ್ವಲ್ಪ ನಗದು ಇರಲಿ, ಕೆಲವು ಟಕೇರಿಯಾಗಳಲ್ಲಿ ಕಾರ್ಡ್ ತಗೊಳ್ಳುವುದಿಲ್ಲ.