ಹೆಸರು ಬೇರೆ, ಬಾಟಲಿ ಮಾತ್ರ ಥೇಟ್ ನಮ್ಮದೇ

ನಿಮ್ಮ ಶಾಂಪೂ ಬಾಟಲಿಯ ಆಕಾರ, ಬಣ್ಣ ಎರಡನ್ನೂ ನಕಲು ಮಾಡಿ ಹೆಸರು ಮಾತ್ರ ಬೇರೆ ಇಟ್ಟಿದ್ದಾರೆ, ಕೇಸ್ ಹಾಕಬಹುದಾ ಅಂತ ಕೇಳಿದ್ದೀರಿ. ಹೆಸರು ಬೇರೆ ಅಂದ ಮಾತ್ರಕ್ಕೆ ಅವರು ಪಾರಾಗುವುದಿಲ್ಲ.

ಹೆಚ್ಚಿನ ದೇಶಗಳಲ್ಲಿ ಟ್ರೇಡ್‌ಮಾರ್ಕ್ ಅಂದರೆ ಬರೀ ಹೆಸರು, ಲೋಗೋ ಅಲ್ಲ. ಪ್ಯಾಕಿಂಗ್, ಆಕಾರ, ಬಣ್ಣಗಳ ಜೋಡಣೆಯೂ ಸೇರುತ್ತದೆ. ಕೋಕಾ-ಕೋಲಾ ಬಾಟಲಿಯ ಆಕಾರ ಅಮೆರಿಕದಲ್ಲಿ 1960ರಲ್ಲೇ ನೋಂದಣಿಯಾಯಿತು.

ನೋಂದಣಿ ಇಲ್ಲದಿದ್ದರೆ? ಬ್ರಿಟನ್ನಿನ ಜಿಫ್ ಲೆಮನ್ ಪ್ರಕರಣ ನಿಮ್ಮದಕ್ಕೆ ತುಂಬ ಹತ್ತಿರ. ನಿಂಬೆಹಣ್ಣಿನ ಆಕಾರದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಿಂಬೆರಸ ಮಾರುತ್ತಿದ್ದರು. ಇನ್ನೊಂದು ಕಂಪನಿ ಅಂಥದ್ದೇ ಡಬ್ಬಿ ತಂದಿತು, ಲೇಬಲ್ ಬೇರೆ. ಆದರೂ 1990ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ (ಆಗ ಅದೇ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯ) ಜಿಫ್ ಗೆದ್ದಿತು. ಅವಸರದಲ್ಲಿ ಕೊಳ್ಳುವವರು ಲೇಬಲ್ ಎಲ್ಲಿ ಓದುತ್ತಾರೆ, ಅಲ್ವಾ? ಹೀಗೆ ತಮ್ಮ ಮಾಲನ್ನು ಇನ್ನೊಬ್ಬರದ್ದು ಅನ್ನಿಸುವಂತೆ ಮಾರುವುದಕ್ಕೆ 'ಪಾಸಿಂಗ್ ಆಫ್' ಅನ್ನುತ್ತಾರೆ. ನಿಮ್ಮ ಮಾಲಿಗೆ ಜನರಲ್ಲಿ ಒಳ್ಳೆಯ ಹೆಸರಿದೆ, ನಕಲಿನಿಂದ ಜನ ಮೋಸಹೋಗುತ್ತಾರೆ, ನಿಮಗೆ ನಷ್ಟ ಅಂತ ತೋರಿಸಬೇಕು.

ಬಾಟಲಿ ಚೆಂದ ಇದ್ದರೆ ಸಾಲದು. ಲೇಬಲ್ ಮುಚ್ಚಿ ತೋರಿಸಿದರೂ ಗ್ರಾಹಕರು ಇದು ನಿಮ್ಮದೇ ಅನ್ನಬೇಕು. ಕಷ್ಟ ಇರುವುದೇ ಇಲ್ಲಿ.

ಇನ್ನೊಂದು ತೊಡಕಿದೆ. ಹಿಡಿಯಲು, ಸುರಿಯಲು ಅನುಕೂಲ ಅಂತ ಮಾಡಿದ ಆಕಾರಕ್ಕೆ ರಕ್ಷಣೆ ಸಿಗುವುದಿಲ್ಲ. ಮಕ್ಕಳು ಜೋಡಿಸಿ ಆಡುವ ಲೆಗೋ ಇಟ್ಟಿಗೆಯ ಆಕಾರವನ್ನು ಟ್ರೇಡ್‌ಮಾರ್ಕ್ ಅಂತ ಒಪ್ಪದೆ ಯುರೋಪಿನ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿದ್ದು ಇದಕ್ಕೇ. ಹೊಸ ಆವಿಷ್ಕಾರಕ್ಕೆ ಸಿಗುವ ಪೇಟೆಂಟ್ ಹಕ್ಕು ಒಂದು ದಿನ ಮುಗಿಯುತ್ತದೆ, ಟ್ರೇಡ್‌ಮಾರ್ಕನ್ನು ನವೀಕರಿಸುತ್ತಲೇ ಇರಬಹುದು. ತಾಂತ್ರಿಕ ಉಪಾಯವೊಂದು ಶಾಶ್ವತವಾಗಿ ಒಬ್ಬರ ಕೈಯಲ್ಲಿ ಉಳಿಯಬಾರದಲ್ಲ!

ಸುಮ್ನೆ ನೋಟಿಸ್ ಕಳಿಸುವ ಮೊದಲು ಹಳೆಯ ಬಿಲ್ಲು, ಜಾಹೀರಾತು ಒಟ್ಟುಮಾಡಿ. 'ನಿಮ್ಮದೇ ಅಂತ ಅದನ್ನು ತಗೊಂಡೆ' ಎಂದು ಗ್ರಾಹಕರು ಬರೆದ ಮೆಸೇಜ್ ಇದ್ದರೆ ಅದಕ್ಕೇ ಜಾಸ್ತಿ ಬೆಲೆ. ಆಮೇಲೆ ವಕೀಲರ ಹತ್ತಿರ ಹೋಗಿ.