ನಿಮ್ಮ ಕಥೆಯ ಅಜ್ಜನ ಕೈಗೆ ಕೆಲಸ ಕೊಡಿ

ಪ್ರಿಯ ಲೇಖಕರೇ,

ನೀವು ಕಳಿಸಿದ ‘ತುಪ್ಪಳದ ದಾರಿ’ ಕಥೆಯನ್ನು ಸಂಪಾದಕ ಬಳಗದವರೆಲ್ಲ ಓದಿದ್ದೇವೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡಬೇಕಾದ ಕಥೆಯೂ ಇದಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಕೆನಡಾದ ಉತ್ತರ ಮ್ಯಾನಿಟೋಬದಲ್ಲಿ ಮೂಲನಿವಾಸಿ ಕ್ರೀ ಸಮುದಾಯದ ಹದಿನಾಲ್ಕರ ಹುಡುಗನೊಬ್ಬ ಅಜ್ಜನ ಜೊತೆ ಒಂದು ಚಳಿಗಾಲ ಟ್ರಾಪ್‌ಲೈನಿನಲ್ಲಿ, ಅಂದರೆ ಬೋನು ಹೂಡುತ್ತ ಸಾಗುವ ಕಾಡುಹಾದಿಯಲ್ಲಿ, ಕಳೆಯುತ್ತಾನೆ. ತುಪ್ಪಳದ ಪ್ರಾಣಿ ಹಿಡಿಯುವ ಕಸುಬನ್ನು ಕಲಿಯುತ್ತಾನೆ. ಇದು ನಿಮ್ಮ ಕಥೆ. ವಸ್ತು ಒಳ್ಳೆಯದು. ತೊಂದರೆ ಇರುವುದು ಅಜ್ಜನಲ್ಲಿ. ಹನ್ನೆರಡು ಪುಟಗಳಲ್ಲಿ ಆತ ತನ್ನ ಕೈಯಾರೆ ಒಂದು ಬೋನನ್ನೂ ಹೂಡುವುದಿಲ್ಲ. ಬೆಂಕಿಯ ಮುಂದೆ ಕೂತು ‘ಕಾಡು ನಮ್ಮ ತಾಯಿ’, ‘ಪ್ರಾಣಿ ನಮ್ಮ ಬಂಧು’ ಎಂದು ಹೇಳುತ್ತಲೇ ಇರುತ್ತಾನೆ. ಕಸುಬು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹೀಗಲ್ಲ. ಹಿರಿಯ ಕೆಲಸ ಮಾಡುತ್ತಾನೆ, ಕಿರಿಯ ನೋಡುತ್ತಾನೆ. ಆಮೇಲೆ ಕಿರಿಯ ಮಾಡಿ ಕೆಡಿಸುತ್ತಾನೆ. ಹಿರಿಯ ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತ ಅರ್ಧ ಮಾತಿನಲ್ಲಿ ಕಾರಣ ಹೇಳುತ್ತಾನೆ. ನಿಮ್ಮ ಕಥೆಯಲ್ಲಿ ಈ ಕೆಡಿಸುವುದೂ ಇಲ್ಲ, ತಿದ್ದುವುದೂ ಇಲ್ಲ.

ಮೂರನೇ ಪುಟವನ್ನೇ ತೆಗೆದುಕೊಳ್ಳಿ. ಹುಡುಗ ಬೀವರ್, ಅಂದರೆ ಮರ ಕಡಿದು ನೀರಿನಲ್ಲಿ ಒಡ್ಡು, ಗೂಡು ಕಟ್ಟುವ ದಂಶಕ ಪ್ರಾಣಿಯನ್ನು, ಹಿಡಿಯಲು ಮೀನಿನ ಎರೆ ಕಟ್ಟುತ್ತಾನೆ, ಬೆಳಗಾಗುವಷ್ಟರಲ್ಲಿ ಬೀವರ್ ಬಿದ್ದಿರುತ್ತದೆ. ಬೀವರ್ ಮೀನು ತಿನ್ನುವುದಿಲ್ಲ. ಮರದ ತೊಗಟೆ, ಎಳೆ ರೆಂಬೆ, ನೀರುಗಿಡದ ಬೇರು ಅದರ ಊಟ. ನಮ್ಮ ಹೊಳೆಗಳ ನೀರುನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು. ಆದರೆ ಈ ತಪ್ಪನ್ನು ಅಳಿಸಬೇಡಿ. ಹುಡುಗ ಮೀನನ್ನೇ ಕಟ್ಟಲಿ, ಬೋನು ಖಾಲಿ ಉಳಿಯಲಿ, ಅಜ್ಜ ಬಂದು ನೋಡಲಿ. ನಿಮ್ಮ ಕಥೆಯ ಮೊದಲ ಪಾಠ ಅಲ್ಲಿಂದ ಶುರುವಾಗಬಹುದು.

ಆ ಪಾಠ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಮೊದಲು ಗೂಡಿನಲ್ಲಿ ಜೀವ ಇದೆಯೋ ಇಲ್ಲವೋ ತಿಳಿಯಬೇಕು. ಕೊರೆಯುವ ಚಳಿಯ ಬೆಳಗಿನಲ್ಲಿ ಗೂಡಿನ ನೆತ್ತಿಯ ಕಿಂಡಿಯ ಸುತ್ತ ಬಿಳಿ ಇಬ್ಬನಿ ಹೆಪ್ಪುಗಟ್ಟಿದ್ದರೆ ಒಳಗಿನವರ ಬಿಸಿಯುಸಿರು ಹೊರಗೆ ಬರುತ್ತಿದೆ ಎಂದರ್ಥ. ಪಕ್ಕದಲ್ಲಿ ಚಳಿಗಾಲಕ್ಕೆಂದು ನೀರಿನಲ್ಲಿ ಮುಳುಗಿಸಿಟ್ಟ ಮೇವಿನ ರಾಶಿ ಇರಬೇಕು, ಅದರ ಕೊಂಬೆಗಳ ತುದಿ ಮಂಜುಗಡ್ಡೆಯಿಂದ ಮೇಲೆ ಚಾಚಿರುತ್ತದೆ. ಗೂಡಿಗೂ ರಾಶಿಗೂ ನಡುವೆ ಬೀವರ್ ಓಡಾಡುವ ನೀರಿನ ಹಾದಿ ಇದೆ. ಗಡ್ಡೆ ತಿಳಿಯಾಗಿದ್ದರೆ ಅದರಡಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಬಿಳಿ ಸಾಲಾಗಿ ಕಾಣುತ್ತವೆ. ಮೇಲೆ ಹಿಮ ಮುಚ್ಚಿದ್ದರೆ ಹಾರೆಯಿಂದ ಕುಟ್ಟಿ ಸದ್ದು ಕೇಳಬೇಕು. ಹಾದಿಯ ಮೇಲೆ ಗಡ್ಡೆ ತೆಳು, ಸದ್ದು ಟೊಳ್ಳು.

ಆ ತೆಳುತನವೇ ಅಪಾಯವೂ ಹೌದು. ನಿಮ್ಮ ಹುಡುಗ ಕೆರೆಯ ಮೇಲೆ ಓಡಿಕೊಂಡು ಹೋಗುತ್ತಾನೆ, ಅಜ್ಜ ನಗುತ್ತ ನೋಡುತ್ತಾನೆ. ಯಾವ ಅಜ್ಜನೂ ಹಾಗೆ ನಗುವುದಿಲ್ಲ. ತಿಳಿ ಗಡ್ಡೆ 10 ಸೆಂಟಿಮೀಟರ್ ದಪ್ಪವಾದರೂ ಇದ್ದರೆ ಒಬ್ಬ ನಡೆಯಬಹುದು. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಯಾದರೆ ಅದರ ಎರಡರಷ್ಟು ಬೇಕು. ಗೂಡಿನ ಬಳಿ, ಒಡ್ಡಿನ ಬಳಿ, ಒಳಹರಿವು ಇರುವ ಕಡೆ ಈ ಲೆಕ್ಕವನ್ನೂ ನಂಬುವಂತಿಲ್ಲ. ಹಿರಿಯ ಕೆಲವೇ ಹೆಜ್ಜೆಗೊಮ್ಮೆ ಹಾರೆ ಕುಟ್ಟುತ್ತ ಮುಂದೆ ನಡೆಯುತ್ತಾನೆ, ಕಿರಿಯ ಅವನ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ಹಿಂದೆ ಬರುತ್ತಾನೆ. ಒಂದೇ ಏಟಿಗೆ ಹಾರೆ ತೂರಿದರೆ ಇಬ್ಬರೂ ಬಂದ ದಾರಿಯಲ್ಲೇ ಹಿಂದೆ ಸರಿಯುತ್ತಾರೆ.

ಇನ್ನು ಹೂಡುವುದು. ಬೋನನ್ನು ಉದ್ದನೆಯ ಒಣ ಸ್ಪ್ರೂಸ್ ಮರದ ಗಳಕ್ಕೆ ಬಿಗಿದು, ಸರಪಳಿಯನ್ನು ತಂತಿಯಿಂದ ಅದಕ್ಕೇ ಕಟ್ಟಿ, ಕೊರೆದ ರಂಧ್ರದಲ್ಲಿ ಇಳಿಸುತ್ತಾರೆ. ಎರೆಯಾಗಿ ಹಸಿ ಆಸ್ಪೆನ್ ಮರದ ಕೊಂಬೆ. ಗಳ ಒಣಗಿದ್ದೇ ಆಗಬೇಕು, ಕೊಂಬೆ ಹಸಿಯದೇ ಆಗಬೇಕು. ಹುಡುಗ ಇದನ್ನು ಅದಲುಬದಲು ಮಾಡಲಿ. ಹಸಿ ಗಳ ಇಳಿಸಿದರೆ ಬೀವರ್ ಗಳವನ್ನೇ ಕಡಿದುಕೊಂಡು ಹೋಗುತ್ತದೆ, ಬೋನು ಕೆರೆಯ ತಳ ಸೇರುತ್ತದೆ. ಮರುದಿನ ರಂಧ್ರ ಒಡೆದಾಗ ಕಡಿದ ತುಂಡಷ್ಟೇ ಕೈಗೆ ಬರುತ್ತದೆ. ಅಜ್ಜ ಆ ತುಂಡಿನ ಮೇಲಿನ ಹಲ್ಲಿನ ಗುರುತನ್ನು ಹುಡುಗನ ಹೆಬ್ಬೆರಳಿನಿಂದಲೇ ಮುಟ್ಟಿಸಲಿ. ನಿಮ್ಮ ಒಂದೂವರೆ ಪುಟದ ಉಪದೇಶಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಮುಂದಿನ ಪ್ರಶ್ನೆ: ಇದು ಯಾವ ಕಾಲದ ಕಥೆ? ನಾಯಿಬಂಡಿ ಇದೆ, ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ಅಂಗಡಿ ಇದೆ, ಹುಡುಗನ ಜೇಬಿನಲ್ಲಿ ಮೊಬೈಲ್ ಕೂಡ ಇದೆ. 1670ರಲ್ಲಿ ಹುಟ್ಟಿದ ಆ ಕಂಪನಿ ಉತ್ತರದ ಅಂಗಡಿಗಳನ್ನು 1987ರಲ್ಲೇ ಮಾರಿಬಿಟ್ಟಿತು, 2025ರಲ್ಲಿ ಅದರ ಉಳಿದ ಮಳಿಗೆಗಳೂ ಮುಚ್ಚಿದವು. ಮೊಬೈಲ್ ಇರುವ ಹುಡುಗನ ಅಜ್ಜ ಚರ್ಮ ಮಾರುವುದು ಸ್ಥಳೀಯ ವ್ಯಾಪಾರಿಗೆ, ಇಲ್ಲವೇ ಒಂಟಾರಿಯೊದ ನಾರ್ತ್ ಬೇ ಹರಾಜಿಗೆ. ಹರಾಜಿಗೆ ಹೋದರೆ ಹಣ ಕೈಗೆ ಬರಲು ಕಾಯಬೇಕು. ನೀವು ಬರೆದಂತೆ ಗಲ್ಲಾದ ಮೇಲೆ ನೋಟಿನ ಕಂತೆ ಬೀಳುವುದಿಲ್ಲ.

ಬೋನಿನ ಮಾದರಿಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಕಥೆ 1940ರ ದಶಕದ್ದಾದರೆ ಅಜ್ಜನ ಕೈಯಲ್ಲಿರುವುದು ಕಾಲು ಹಿಡಿಯುವ ಉಕ್ಕಿನ ಬೋನು, ಉರುಲು, ಮರದ ದಿಮ್ಮಿ ಮೇಲೆ ಬಿದ್ದು ಕೊಲ್ಲುವ ಹಳೆಯ ಸಾಧನ. ಪ್ರಾಣಿಯ ಕುತ್ತಿಗೆ ಅಥವಾ ಎದೆಯನ್ನು ಒತ್ತಿ ಬೇಗ ಕೊಲ್ಲುವ ಕಾನಿಬೇರ್ ಬೋನು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅದನ್ನು ರೂಪಿಸಿದ ಫ್ರಾಂಕ್ ಕಾನಿಬೇರ್ ಸ್ವತಃ ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ ಬೋನು ಹೂಡಿ ಬದುಕಿದವರು. ಬೀವರ್‌ಗೆ ಬಳಸುವ 330 ಸಂಖ್ಯೆಯದು ಸುಮಾರು 25 ಸೆಂಟಿಮೀಟರ್ ಚೌಕದ್ದು. ಅದರ ಎರಡು ಸ್ಪ್ರಿಂಗ್‌ಗಳಿಗೆ ಮನುಷ್ಯನ ಕೈಮೂಳೆ ಮುರಿಯುವ ಬಲ ಇದೆ. ನಿಮ್ಮ ಹುಡುಗ ಅದನ್ನು ‘ಚಟಕ್ಕನೆ’ ಹೂಡುತ್ತಾನೆ ಎಂದಿದ್ದೀರಿ. ಚಟಕ್ಕನೆ ಆಗುವ ಕೆಲಸ ಅದಲ್ಲ. ಒಂದೊಂದೇ ಸ್ಪ್ರಿಂಗ್ ಒತ್ತಿ, ಕೊಕ್ಕೆ ಸಿಕ್ಕಿಸಿ, ದವಡೆ ಅಗಲಿಸಿ, ಬೋನು ಜಾಗದಲ್ಲಿ ಭದ್ರವಾಗಿ ಕೂತ ಮೇಲೆ ಕಟ್ಟಕಡೆಗೆ ಕೊಕ್ಕೆ ತೆಗೆಯುತ್ತಾರೆ. ಜೇಬಿನಲ್ಲಿ ಒಂದು ಹಗ್ಗ ಇರಲೇಬೇಕು. ಒಂದು ಕೈ ಸಿಕ್ಕಿಕೊಂಡರೆ ಸ್ಪ್ರಿಂಗಿನ ಎರಡು ಬಳೆಗಳೊಳಗೆ ಹಗ್ಗ ತೂರಿಸಿ, ಅದರ ಕುಣಿಕೆಗೆ ಪಾದ ಕೊಟ್ಟು, ಇನ್ನೊಂದು ಕೈಯಿಂದ ಎಳೆದು ಸ್ಪ್ರಿಂಗ್ ಒತ್ತಿಸಬೇಕು. ಹುಡುಗನಿಗೆ ಬೋನು ಮುಟ್ಟಲು ಬಿಡುವ ಮೊದಲು ಅಜ್ಜ ಇದನ್ನು ಗುಡಿಸಲಲ್ಲಿ ಮತ್ತೆ ಮತ್ತೆ ಮಾಡಿಸಿರುತ್ತಾನೆ.

ಐದನೇ ಪುಟದಲ್ಲಿ ಎಲ್ಲ ಬೋನಿಗೂ ಮೇಣ ಬಳಿಯುವ ಸಾಲು ಇದೆ. ನರಿಗೆ ಹೂಡುವ ಕಾಲುಬೋನನ್ನು ತೊಗಟೆ ಹಾಕಿ ಕುದಿಸಿ ಕಪ್ಪಾಗಿಸಿ, ತುಕ್ಕು ಮತ್ತು ವಾಸನೆ ತಡೆಯಲು ಮೇಣದಲ್ಲಿ ಅದ್ದುವುದು ಸರಿ. ಕಾನಿಬೇರ್‌ಗೆ ಮೇಣ ಸಲ್ಲದು. ಕೀಲಿ ಜಾರಿ, ಹೂಡುತ್ತಿರುವವನ ಕೈ ಮೇಲೇ ಮುಚ್ಚಿಕೊಳ್ಳುತ್ತದೆ.

ಮಾರ್ಟೆನ್ ಬಗ್ಗೆ ನೀವು ಎರಡೇ ಸಾಲು ಬರೆದಿದ್ದೀರಿ. ನಮ್ಮ ಕೊಡಗಿನ ಕಾಡುಗಳಲ್ಲೂ ಇರುವ ನೀಲಗಿರಿ ಮಾರ್ಟೆನ್‌ನ ಬಳಗದ, ಮರ ಹತ್ತುವ ಸಣ್ಣ ಬೇಟೆಗಾರ ಪ್ರಾಣಿ ಅದು. ಹುಡುಗನಿಗೆ ಸ್ವತಂತ್ರವಾಗಿ ಬಿಟ್ಟುಕೊಡುವ ಮೊದಲ ಕೆಲಸವಾಗಿ ಇದು ಚೆನ್ನಾಗಿ ಒಗ್ಗುತ್ತದೆ. ಮರಕ್ಕೆ ಒಂದು ಗಳವನ್ನು ಓರೆಯಾಗಿ ಒರಗಿಸಿ, ಎದೆಮಟ್ಟದಲ್ಲಿ ಮರದ ಪೆಟ್ಟಿಗೆ ಕಟ್ಟಿ, ಅದರ ಬಾಯಲ್ಲಿ 120 ಸಂಖ್ಯೆಯ ಸಣ್ಣ ಬೋನು, ಹಿಂಬದಿಯಲ್ಲಿ ಬೀವರ್ ಮಾಂಸದ ತುಂಡು. ಮೇಲೆ ಸ್ಪ್ರೂಸ್ ಸೊಪ್ಪು ಹೊದಿಸುವುದು ಹಿಮ ತಡೆಯಲು, ಎರೆ ಕದಿಯುವ ಬೂದು ಜೇ ಹಕ್ಕಿಯ ಕಣ್ಣಿಗೆ ಬೀಳದಿರಲು. ಅಷ್ಟು ಎತ್ತರ ಏಕೆ? ಜನವರಿಯ ಹಿಮ ನವೆಂಬರಿನ ಬೋನನ್ನು ಹೂತುಹಾಕುತ್ತದೆ. ಜೊತೆಗೆ, ಬಿದ್ದ ಪ್ರಾಣಿ ಗಾಳಿಯಲ್ಲಿ ತೂಗಾಡುತ್ತ ಉಳಿದರೆ ಇಲಿ ಬಂದು ತುಪ್ಪಳ ಕಡಿಯುವುದಿಲ್ಲ. ಸಿಕ್ಕ ಮಾರ್ಟೆನ್‌ಗಳಲ್ಲಿ ಮರಿ ಎಷ್ಟು, ದೊಡ್ಡ ಹೆಣ್ಣು ಎಷ್ಟು ಎಂದು ಬಲ್ಲವರು ಲೆಕ್ಕ ಇಡುತ್ತಾರೆ. ದೊಡ್ಡ ಹೆಣ್ಣುಗಳೇ ಹೆಚ್ಚು ಬೀಳತೊಡಗಿದರೆ ಆ ವರ್ಷ ಮರಿ ಕಡಿಮೆ, ಬೋನು ಎತ್ತಬೇಕು. ಬೀವರ್ ಗೂಡನ್ನೂ ಪೂರ್ತಿ ಬರಿದು ಮಾಡುವುದಿಲ್ಲ, ಹಾದಿಯ ಒಂದು ಭಾಗವನ್ನು ವರ್ಷಗಟ್ಟಲೆ ಸುಮ್ಮನೆ ಬಿಡುತ್ತಾರೆ. ನಿಮ್ಮ ಅಜ್ಜನ ‘ಕಾಡು ನಮ್ಮ ತಾಯಿ’ಗೆ ತೂಕ ಬರುವುದು ಆತ ಇಂಥ ಬೋನು ಎತ್ತಿಕೊಂಡು ಮನೆಗೆ ಹೊರಟಾಗ.

ಚರ್ಮದ ಕೆಲಸವನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಕಸುಬಿನ ಅರ್ಧ ಇರುವುದೇ ಅಲ್ಲಿ. ಚಳಿಗಾಲದ ಕಥೆ ಎಂದರೂ ಬೀವರ್ ಬೀಳುವುದು ಜುಲೈ ತಿಂಗಳಲ್ಲಿ, ಆಗ ಅದರ ಚರ್ಮಕ್ಕೆ ಬೆಲೆಯೇ ಇಲ್ಲ. ತುಪ್ಪಳ ಇನ್ನೂ ಬೆಳೆಯುತ್ತಿರುವಾಗ ಕೂದಲ ಬುಡದ ಬಣ್ಣದಿಂದಾಗಿ ಚರ್ಮದ ಒಳಮೈ ನೀಲಿಗಪ್ಪಾಗಿ ಕಾಣುತ್ತದೆ. ಚಳಿಗಾಲದಲ್ಲಿ ಬಲಿತಾಗ ಅದು ಕೆನೆಬಣ್ಣಕ್ಕೆ ತಿರುಗುತ್ತದೆ. ಮಾರ್ಟೆನ್ ಚಳಿಗಾಲದ ಆರಂಭದಲ್ಲೇ ಬಲಿಯುತ್ತದೆ, ಬೀವರ್ ತಡವಾಗಿ. ಬೀವರ್ ಚರ್ಮವನ್ನು ಗಲ್ಲದಿಂದ ಬಾಲದ ಬುಡದವರೆಗೆ ಸೀಳಿ ತೆಗೆಯುತ್ತಾರೆ. ಮಾರ್ಟೆನ್‌ನದನ್ನು ಹಿಂಗಾಲುಗಳ ನಡುವೆ ಮಾತ್ರ ಕೊಯ್ದು, ಕಾಲುಚೀಲ ಕಳಚಿದಂತೆ ತಲೆಯ ಕಡೆಗೆ ಎಳೆಯುತ್ತಾರೆ. ಬೀವರ್‌ನ ಕೊಬ್ಬು ಹೆರೆದು, ಹಲಗೆಯ ಮೇಲೆ ಅಂಡಾಕಾರವಾಗಿ ಹರಡಿ ಒತ್ತೊತ್ತಾಗಿ ಮೊಳೆ ಹೊಡೆಯಬೇಕು. ಮೊದಲು ತಲೆ ಮತ್ತು ಬಾಲ, ಆಮೇಲೆ ಎರಡು ಪಕ್ಕೆ, ಕೊನೆಗೆ ನಡುವಿನ ಜಾಗ. ಉದ್ದ ಮತ್ತು ಅಗಲದ ಇಂಚುಗಳನ್ನು ಕೂಡಿಸಿ ಅಳತೆ ಹೇಳುತ್ತಾರೆ. 65 ದಾಟಿದರೆ ‘ಬ್ಲಾಂಕೆಟ್’, ಅಂದರೆ ದೊಡ್ಡ ಅಳತೆಯ ಚರ್ಮ. ಹೊಸಬರು ಆ ಸಂಖ್ಯೆ ಮುಟ್ಟಿಸಲೆಂದು ಚರ್ಮವನ್ನು ಜಗ್ಗಿ ಎಳೆಯುತ್ತಾರೆ, ಆಗ ತುಪ್ಪಳ ವಿರಳವಾಗಿ ದರ್ಜೆ ಇಳಿಯುತ್ತದೆ.

ನಿಮ್ಮ ಹುಡುಗ ಚರ್ಮವನ್ನು ರಾತ್ರಿಯಿಡೀ ಒಲೆಯ ಪಕ್ಕ ಒಣಗಿಸುತ್ತಾನೆ. ಉಳಿದ ಕೊಬ್ಬು ಕರಗಿ ಚರ್ಮದೊಳಗೆ ಇಳಿದು ಅದನ್ನು ಸುಡುತ್ತದೆ. ನೋಡಲು ಏನೂ ಆಗದಂತಿದ್ದು, ಹದ ಮಾಡುವಾಗ ಹರಿಯುತ್ತದೆ. 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಬೇಕು. ಹಾಗೆಂದು ಹಸಿ ಪ್ರಾಣಿಯನ್ನು ಬೆಚ್ಚನೆಯ ಗುಡಿಸಲಲ್ಲಿ ಸುಲಿಯದೆ ಬಿಟ್ಟರೂ ಹೊಟ್ಟೆಯ ಕಡೆ ಕೊಳೆತು ಕೂದಲು ಹಿಡಿಹಿಡಿಯಾಗಿ ಬರುತ್ತದೆ.

ಈಗ ನಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ. ಹುಡುಗನ ಅಪ್ಪ ಎಲ್ಲಿ? ಅಜ್ಜನಿಂದ ಮೊಮ್ಮಗನಿಗೆ ವಿದ್ಯೆ ನೇರವಾಗಿ ಹಾರುತ್ತದೆ, ನಡುವಿನ ತಲೆಮಾರಿನ ಬಗ್ಗೆ ಒಂದು ಸಾಲೂ ಇಲ್ಲ. ಕೆನಡಾದಲ್ಲಿ ಆ ಖಾಲಿ ಜಾಗಕ್ಕೆ ಒಂದು ಚರಿತ್ರೆ ಇದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬೇರ್ಪಡಿಸಿ ಸರಕಾರ ಮತ್ತು ಚರ್ಚುಗಳ ವಸತಿ ಶಾಲೆಗಳಿಗೆ ಒಯ್ಯಲಾಯಿತು, ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಶಾಲೆಯ ವರ್ಷ ಸೆಪ್ಟೆಂಬರಿನಿಂದ ಜೂನ್. ತುಪ್ಪಳ ಬಲಿಯುವ, ಗಡ್ಡೆ ಕಟ್ಟುವ, ಬೋನು ಹೂಡುವ ತಿಂಗಳುಗಳೆಲ್ಲ ಅದರೊಳಗೆ ಬರುತ್ತವೆ. ಕಲಿಯಬೇಕಾದ ವಯಸ್ಸಿನಲ್ಲಿ ಮಗು ಕಾಡಿನಲ್ಲಿ ಇರಲಿಲ್ಲ, ಕ್ರೀ ಮಾತಾಡಿದರೆ ಶಿಕ್ಷೆ ಬೇರೆ. ಈ ಶಾಲೆಗಳಿಗಾಗಿ 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಿಮ್ಮ ಕಥೆಯ ಅಪ್ಪ ಅಂಥ ಶಾಲೆಯಿಂದ ಮರಳಿದವನಾಗಿರಬಹುದು. ಗುಡಿಸಲಲ್ಲೇ ಇರಲಿ. ಅಜ್ಜ ಮೊಮ್ಮಗನಿಗೆ ಗಡ್ಡೆಯ ಸದ್ದು ಕೇಳಿಸುವಾಗ ಪಕ್ಕದಲ್ಲಿ ನಿಂತು, ತನಗೂ ಮೊದಲ ಬಾರಿಗೆ ಕೇಳುತ್ತಿರುವುದನ್ನು ಯಾರಿಗೂ ಹೇಳದೆ ಇರಲಿ. ಆಗ ಕಥೆಗೆ ಮೂರನೆಯ ಮನುಷ್ಯ ಸಿಗುತ್ತಾನೆ. ಅಜ್ಜ ಏಕೆ ಅವಸರದಲ್ಲಿದ್ದಾನೆ ಎಂಬುದೂ ಓದುಗರಿಗೆ ತಿಳಿಯುತ್ತದೆ.

ಕೊಲ್ಲುವುದನ್ನು ಮರೆಮಾಚಬೇಡಿ. ನಿಮ್ಮ ಕಥೆಯಲ್ಲಿ ಪ್ರಾಣಿ ‘ಕಣ್ಣು ಮುಚ್ಚಿತು’ ಅಷ್ಟೆ. ಕೆನಡಾ, ರಷ್ಯಾ ಮತ್ತು ಯುರೋಪಿಯನ್ ಒಕ್ಕೂಟ 1990ರ ದಶಕದ ಕೊನೆಯಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಕೊಲ್ಲುವ ಬೋನು ಮಾರ್ಟೆನ್‌ನ ಪ್ರಜ್ಞೆಯನ್ನು 120 ಸೆಕೆಂಡಿನೊಳಗೆ, ಬೀವರ್‌ನದನ್ನು 300 ಸೆಕೆಂಡಿನೊಳಗೆ ತಪ್ಪಿಸಬೇಕು. ಈ ಸಂಖ್ಯೆಗಳನ್ನು ಒಪ್ಪುವವರೂ ಇದ್ದಾರೆ, ಸಹಿಸದವರೂ ಇದ್ದಾರೆ. ಪಕ್ಷ ವಹಿಸಬೇಕಿಲ್ಲ. ಆ ಹೊತ್ತು ಏನಾಗುತ್ತದೆ ಎಂಬುದನ್ನು ಓದುಗರಿಂದ ಮುಚ್ಚಿಡದಿದ್ದರೆ ಸಾಕು.

ಇನ್ನೆರಡು ಸಣ್ಣ ಮಾತು. ಬೀವರ್ ಮೂಳೆಯನ್ನು ಅಜ್ಜ ನಾಯಿಗೆ ಎಸೆಯುವ ಸಾಲನ್ನು ತೆಗೆಯಿರಿ. ಆ ಮೂಳೆಗಳನ್ನು ನಾಯಿಗೆ ಸಿಗದಂತೆ ನೀರಿಗೆ ಬಿಡುವುದು ಅಥವಾ ಮರಕ್ಕೆ ಕಟ್ಟುವುದು ಕ್ರೀ ಮನೆತನಗಳ ಹಳೆಯ ನಡವಳಿಕೆ. ಹಾಗೆಯೇ ಮಲೆನಾಡಿನ ಹಂದಿ ಉರುಲಿನ ಜೊತೆ ಹೋಲಿಸುವ ಪ್ಯಾರಾ ಬೇಡ. ಇಲ್ಲಿ 1972ರ ವನ್ಯಜೀವಿ ಕಾಯಿದೆ ಬಂದಮೇಲೆ ಉರುಲು ಹಾಕುವುದು ಅಪರಾಧ, ಹಂದಿಗೆಂದು ಕಟ್ಟಿದ ತಂತಿಗೆ ಚಿರತೆಗಳು ಸಿಕ್ಕಿ ಸಾಯುತ್ತವೆ. ಅಲ್ಲಿಯದು ಪರವಾನಗಿ, ಋತು, ಗೊತ್ತುಪಡಿಸಿದ ಹಾದಿ ಇರುವ ಕಸುಬು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಎರಡೂ ತಪ್ಪಾಗಿ ತಿಳಿಯುತ್ತವೆ.

ಮೊದಲ ಎರಡೂವರೆ ಪುಟದ ಪ್ರಕೃತಿ ವರ್ಣನೆ ಪೂರ್ತಿ ಹೋಗಲಿ, ಖಾಲಿ ಬೋನಿನಿಂದ ಶುರುಮಾಡಿ. ಕಾಲ ಯಾವುದೆಂದು ಮೊದಲೇ ನಿರ್ಧರಿಸಿ, ಆ ಕಾಲದಲ್ಲಿ ಇಲ್ಲದ ವಸ್ತುಗಳನ್ನೆಲ್ಲ ಹೊರಗೆ ಹಾಕಿ. ಒಂದು ಕೆರೆ, ಒಂದು ಮಾರ್ಟೆನ್ ಹಾದಿ, ಒಂದು ಚರ್ಮದ ಹಲಗೆ, ಇಷ್ಟರಲ್ಲೇ ಮೂವರನ್ನೂ ನಿಲ್ಲಿಸಿ ಮೂರು ಸಾವಿರ ಪದಗಳೊಳಗೆ ಬರೆದು ಕಳಿಸಿ. ತಿದ್ದಿದ ಪ್ರತಿ ಬಂದ ಕೂಡಲೇ ಓದುತ್ತೇವೆ.

ಸಂಪಾದಕ